ಅಣ್ಣಮ್ಮಕ್ಕ ಮುಟ್ಟದ ಕಾಫಿ

1997 ಡಿಸೆಂಬರ್ 1, ಸೋಮವಾರ

ಇವತ್ತು ನಲವತ್ತೆರಡು ಫಾರಂ. ಬೆರಳು ನೋವು. ಕಾಲೇಜಿಗೆ ನಲವತ್ತು ವರ್ಷ ತುಂಬಿತು, ಇಪ್ಪತ್ತೊಂದಕ್ಕೆ ಹಳೆ ವಿದ್ಯಾರ್ಥಿನಿಯರ ದಿನ. ಅವರು ಅಂಚೆಯಲ್ಲಿ ಕಳಿಸಿದ್ದನ್ನೆಲ್ಲ ರಿಜಿಸ್ಟರಿಗೆ ಬರೆಯುವುದು ನನ್ನ ಕೆಲಸ. ಅಟೆಂಡರ್ ಆದರೂ ಅಕ್ಷರ ದುಂಡಗಿದೆ ಅಂತ. ಹೆಸರು, ಬ್ಯಾಚು, ಕಾಲೇಜಿಗೆ ಸೇರಲು ಯಾರು ಕಾರಣ, ಸಾಧನೆ. ಒಬ್ಬರು ಡಾಕ್ಟರು. ಒಬ್ಬರು ಜಡ್ಜು. ಒಬ್ಬರು ರಾಜ್ಯಕ್ಕೆ ಹಾಕಿ ಆಡಿದವರು. ಬರೆಯುವಾಗ ಬೆನ್ನು ನೆಟ್ಟಗಾಗುತ್ತದೆ, ಎಲ್ಲ ನನ್ನವರೇ ಅನ್ನುವ ಹಾಗೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಏಳನೇದನ್ನು ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಬಹುದಂತೆ. ಹೋದ ವರ್ಷ ಅಮ್ಮನನ್ನು ಕೇಳಿದ್ದೆ. "ಇಪ್ಪತ್ತೊಂದಾಯ್ತು ಕಣೇ ನಿಂಗೆ. ಚಿಳ್ಳೆಪಿಳ್ಳೆಗಳ ಜೊತೆ ಪರೀಕ್ಷೆಗೆ ಕೂತ್ರೆ ಜನ ನಗಲ್ವಾ?" ಅಂದಳು. ಮತ್ತೆ ಕೇಳಿಲ್ಲ.

ಡಿಸೆಂಬರ್ 4

ಮೊದಲ ಬ್ಯಾಚಿನ ಎಂ. ಅಣ್ಣಮ್ಮನವರ ಕವರು ವಾಪಸ್. ‘ಈ ಮನೆ ಇಲ್ಲ’ ಅಂತ ಪೋಸ್ಟ್‌ಮ್ಯಾನ್ ಗೀಚಿದ್ದಾನೆ. ಸೂಪರಿಂಟೆಂಡೆಂಟ್ ಭಗವಂತರಾಯರು — ಗುಲ್ಬರ್ಗ ಕಡೆಯವರು — "ಹಂಸಾ, ಹೆಸರು ಹೊಡದು ಹಾಕವಾ" ಅಂದರು.

ಕೈ ಬರಲಿಲ್ಲ. ಆ ಹೆಸರನ್ನು ಬೇರೆಲ್ಲೋ ಬರೆದ ನೆನಪು... ರಿಜಿಸ್ಟರ್ ತಿರುವಿದೆ. ‘ಯಾರು ಕಾರಣ’ ಕಾಲಮಿನಲ್ಲಿ — ಅಣ್ಣಮ್ಮಕ್ಕ. ಇನ್ನೊಂದು ಪುಟದಲ್ಲೂ ಅಣ್ಣಮ್ಮಕ್ಕ. ಲಿಂಗರಾಜಪುರ, ಬಾಣಸವಾಡಿ, ಹೆಣ್ಣೂರು ಕಡೆಯ ಬೇಸಾಯದ ಮನೆಗಳ ಹೆಣ್ಣುಮಕ್ಕಳು. ಹತ್ತೊಂಬತ್ತು ಜನ.

ಡಿಸೆಂಬರ್ 7, ಭಾನುವಾರ

ಕವರಿನ ಮೇಲಿದ್ದ ವಿಳಾಸ ಹಿಡಿದು ಕಾಕ್ಸ್ ಟೌನಿಗೆ ಹೋದೆ. ಆ ಮನೆ ಇರಬೇಕಾದ ಕಡೆ ಫ್ಲಾಟು. ಯಾರನ್ನು ಕೇಳುವುದು? ಎದುರಿನ ಬೇಕರಿ ಮುಂದೆ ಮೂರು ಸಲ ಓಡಾಡಿದೆ. ಕೊನೆಗೆ ಬೇಕರಿಯ ಯಜಮಾನರು ಮಂಜೂರ್ ತಾವೇ ಕರೆದು, "ಕ್ಯಾ ಅಮ್ಮಾ, ಬನ್ ಬೇಕಾ, ದಾರಿ ಬೇಕಾ?" ಅಂದರು. ನಕ್ಕುಬಿಟ್ಟೆ.

"ಅಣ್ಣಮ್ಮನವ್ರಾ? ಅದೇ ಫ್ಲಾಟಲ್ಲಿ, ಥರ್ಡ್ ಫ್ಲೋರ್. ಜಾಗಾನೇ ಅವರ್ದು."

ಬಾಗಿಲು ತೆಗೆದದ್ದು ಅವರೇ. ಬಿಳಿ ಕೂದಲು, ಮೂಗುಬೊಟ್ಟು. ಫಾರಂ ತುಂಬುತ್ತಿದ್ದ ಅವರ ಪೆನ್ನು ‘ಸಾಧನೆ’ ಹತ್ತಿರ ನಿಂತಿತು. "ನಾನೇನಮ್ಮ ಮಾಡಿದೀನಿ? ಬಿ.ಎ. ಆಯ್ತು, ಮದುವೆ ಆಯ್ತು, ಮಕ್ಕಳಾದ್ರು. ಖಾಲಿ ಬಿಡು."

ಹತ್ತೊಂಬತ್ತು ಜನರ ವಿಷಯ ಹೇಳಿದೆ. ನಾನೇ, ಅಷ್ಟುದ್ದ ಮಾತಾಡಿದೆ!

"ಅಯ್ಯೋ, ಅದಾ? ಭಾನುವಾರ ಸೈಕಲ್ ತುಳ್ಕೊಂಡು ಹೋಗ್ತಿದ್ದೆ. ಜಗಲಿ ಮೇಲೆ ಕೂತ್ರೆ ಕಾಫಿ ತರೋರು. ಹುಡುಗೀನ ಕಾಲೇಜಿಗೆ ಕಳಿಸ್ತೀವಿ ಅನ್ನೋ ತನಕ ಮುಟ್ತಿರ್ಲಿಲ್ಲ. ಮನೆಗೆ ಬಂದೋಳು ಕಾಫಿ ಕುಡೀದೆ ಎದ್ದೋದ್ರೆ ಮರ್ಯಾದೆ ಏನಾಗ್ಬೇಕು ಹೇಳು? ಎಷ್ಟು ಕಾಫಿ ಆರಿಸಿದೀನೋ!"

ಡಿಸೆಂಬರ್ 8

ರಾಯರು ಫಾರಂ ನೋಡಿದರು. "ಸಾಧನಾ ಖಾಲಿ ಅದಲ್ಲವಾ. ಖಾಲಿ ಇದ್ದವರ್ನ ಸನ್ಮಾನದ ಪಟ್ಟಿಗೆ ಹಾಕಂಗಿಲ್ಲ."

"ಸಾರ್..." ಅಂದೆ. ರಿಜಿಸ್ಟರನ್ನೇ ಅವರ ಮುಂದಿಟ್ಟು ಬೆರಳಿಟ್ಟು ತೋರಿಸಿದೆ, ಒಂದೊಂದೇ ಹೆಸರು. ಹನ್ನೊಂದನೆಯದು ಜಡ್ಜಮ್ಮನವರದು. ರಾಯರು ಕನ್ನಡಕ ತೆಗೆದರು.

"ಯವ್ವಾ... ಬರಿ. ನೀನೇ ಬರಿ."

ಬರೆದೆ. ಹತ್ತೊಂಬತ್ತು ಹೆಣ್ಣುಮಕ್ಕಳನ್ನು ಈ ಕಾಲೇಜಿಗೆ ಕರೆತಂದರು.

ಡಿಸೆಂಬರ್ 21, ಸಂಜೆ

ಇನ್ನೂ ಕಿವಿಯಲ್ಲಿ ಚಪ್ಪಾಳೆ. ಮೈಕಿನಲ್ಲಿ ಆ ಸಾಲು ಓದಿದಾಗ ಯಾರೂ ಹೇಳದೆ ಹೆಂಗಸರು ಎದ್ದು ನಿಂತರು. ಅಲ್ಲೊಬ್ಬರು, ಇಲ್ಲೊಬ್ಬರು... ಹದಿನಾರು. ಮೂವರು ಬಂದಿರಲಿಲ್ಲ. ಅಣ್ಣಮ್ಮಕ್ಕ ವೇದಿಕೆಯ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಹಿಂದೆ, ಕಂಬದ ಮರೆಯಲ್ಲಿ. ಓದಿದ್ದು ನನ್ನ ಸಾಲು!

ಊಟದ ಹೊತ್ತಿಗೆ ಅಣ್ಣಮ್ಮಕ್ಕ ನನ್ನನ್ನು ಹುಡುಕಿಕೊಂಡು ಬಂದರು. "ನೀನ್ಯಾವ ಬ್ಯಾಚೇ?"

ಹೇಳಿದೆ. ನಾಲ್ಕನೇ ಕ್ಲಾಸು. ಏಳನೇ ಕ್ಲಾಸಿನ ಆಸೆ, ಅಮ್ಮ ಅಂದದ್ದು, ಎಲ್ಲ. ಅವರು ಮನೆ ಎಲ್ಲಿ ಅಂತ ಮಾತ್ರ ಕೇಳಿದರು.

ಡಿಸೆಂಬರ್ 28, ಭಾನುವಾರ, ಬೆಳಿಗ್ಗೆ ಹನ್ನೊಂದು

ಒಳಗೆ ಕೂತು ಬರೆಯುತ್ತಿದ್ದೇನೆ. ಕಮ್ಮನಹಳ್ಳಿಯ ನಮ್ಮ ಮನೆ ಜಗಲಿ ಮೇಲೆ ಅಣ್ಣಮ್ಮಕ್ಕ ಬಂದು ಕೂತು ಒಂದು ಗಂಟೆ ಆಯಿತು.

"ಕಾಫಿ ತಗೊಳ್ಳಿ ಅಕ್ಕಾ, ಆರ್ತಾ ಇದೆ" — ಅಮ್ಮ.

"ಆರ್ಲಿ ಬಿಡು ಯಂಕಮ್ಮ."

ಬಿಸಿ ಮಾಡಿ ತಂದಳು. ಮತ್ತೆ ಕೆನೆ ಕಟ್ಟಿತು. ಪಕ್ಕದ ಮನೆಯವರು ಇಣುಕುತ್ತಿದ್ದಾರೆ.

"ಜನ ನಗ್ತಾರೆ ಅಕ್ಕಾ."

"ನಕ್ಕೊಳ್ಲಿ. ನಿನ್ನ ಮಗಳ ಪರೀಕ್ಷೇನ ಅವರೇನು ಬರ್ಕೊಡ್ತಾರಾ?"

ಅಮ್ಮ ಲೋಟ ಎತ್ತಿಕೊಂಡು ಒಳಗೆ ಬಂದಳು. ಒಲೆ ಮುಂದೆ ನಿಂತಳು. ನನ್ನ ಪುಸ್ತಕ ನೋಡಿದಳು. ಬಿಸಿ ಮಾಡಲಿಲ್ಲ — ಚೆಲ್ಲಿ, ಹೊಸ ಡಿಕಾಕ್ಷನ್ ಹಾಕಿದಳು.

"ಫಾರಂ ಯಾವತ್ತೊಳಗೆ ಕೊಡ್ಬೇಕಂತೆ?"

ಉತ್ತರಕ್ಕೂ ಕಾಯದೆ ಹೊರಗೆ ಹೋದಳು. ಏನೋ ಮೆಲ್ಲಗೆ ಹೇಳುತ್ತಿದ್ದಾಳೆ. ಈಗ ಲೋಟ ಎತ್ತಿದ ಸದ್ದು. ಅಣ್ಣಮ್ಮಕ್ಕ ಊದಿ ಊದಿ ಕುಡಿಯುತ್ತಿದ್ದಾರೆ.