ಪಿಳಿಪಿಳಿಯ ಮಧ್ಯಾಹ್ನಗಳು

ಜೂನ್ 4, ಮಂಗಳವಾರ

ಒಪಿಡಿ ಮುಗಿಯುವಷ್ಟರಲ್ಲಿ ಗಂಟಲು ಒಣಗಿತ್ತು. ಬೆಳಗಿನಿಂದ ಮಕ್ಕಳ ಬೆನ್ನ ಹಿಂದೆ ನಿಂತು "ಮಾ... ಬಾ... ಸ್... ಶ್..." ಎನ್ನುವುದೇ ಕೆಲಸ. ತಿರುಗಿದರೆ ಕೇಳಿಸಿತು ಎಂದರ್ಥ. ತಿರುಗದಿದ್ದರೆ ಮತ್ತೆ "ಮಾ". ಮಕ್ಕಳ ಕಿವಿ ಡಾಕ್ಟರ್ ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ನಾನು ಅರ್ಧ ಕುರಿ, ಅರ್ಧ ಕುಕ್ಕರ್.

ಊಟವಾದ ಮೇಲೆ ಸ್ಟಡಿ ಕೆಲಸ. ಹುಟ್ಟಿನಿಂದ ಕಿವಿ ಕೇಳಿಸದ ಮಕ್ಕಳಿಗೆ ಆಪರೇಷನ್ ಮಾಡಿ ಮೆಷಿನ್ ಹಾಕಿದ ಮೇಲೆ, ಮನೆಯಲ್ಲಿ ಕಿವಿಗೆ ಬೀಳುವ ಮಾತಿಗೂ ಮಗು ಕಲಿಯುವ ಮಾತಿಗೂ ಏನು ಸಂಬಂಧ — ಇದು ನಮ್ಮ ಪ್ರಶ್ನೆ. ಮಗುವಿನ ಅಂಗಿ ಜೇಬಿನಲ್ಲಿ ಪುಟ್ಟ ರೆಕಾರ್ಡರ್. ಪದ ಎಣಿಸುವುದು ಕಂಪ್ಯೂಟರ್. ಅದು ಸರಿಯಾಗಿ ಎಣಿಸಿತೇ ಎಂದು ಹೆಡ್‌ಫೋನ್ ಹಾಕಿ ಕೇಳುವುದು ನಾನು. ಯಾರ್ಯಾರದೋ ಮನೆ. ಬೈಗುಳ, ಮುದ್ದು, ಪಾತ್ರೆ, ಟಿವಿ. ನನ್ನ ಮನೆಯಲ್ಲಿ ಮಾತಾಡುವುದು ಫ್ರಿಜ್ ಒಂದೇ.

ಪಿಳಿಪಿಳಿ ಒಬ್ಬಳು ಹಿಂದೆ ಬಿದ್ದಿದ್ದಾಳೆ. ಮೂರು ವರ್ಷದ ಹುಡುಗಿ. ಕಣ್ಣು ಪಿಳಿಪಿಳಿ ಬಿಡುತ್ತಾಳೆಂದು ವಾರ್ಡಿನವರು ಇಟ್ಟ ಹೆಸರು, ಈಗ ಅವಳ ಅಮ್ಮನೂ ಹಾಗೇ ಕರೆಯುತ್ತಾಳೆ. ಮೆಷಿನ್ ಹಾಕಿ ವರ್ಷವಾಗುತ್ತಾ ಬಂತು. ಜೊತೆಯ ಮಕ್ಕಳು "ನೀರು ಬೇಕು" ಎನ್ನುತ್ತಿವೆ. ಇವಳದು ಇನ್ನೂ "ಉಂ".

ಜೂನ್ 6

ಕಾರಣ ಸಿಕ್ಕಿತು. ಯಾವಾಗ ಆನ್, ಯಾವಾಗ ಆಫ್ ಎಂಬುದನ್ನು ಮೆಷಿನ್ ತಾನೇ ನೆನಪಿಟ್ಟುಕೊಳ್ಳುತ್ತದೆ. ಪಿಳಿಪಿಳಿಯದು ಪ್ರತಿ ಮಧ್ಯಾಹ್ನ ಆಫ್. ಮಗು ಮಲಗಿರುವುದಿಲ್ಲ. ರೆಕಾರ್ಡರಿನಲ್ಲಿ ಓಡಾಟದ ಸದ್ದಿದೆ.

ಪ್ರೊಫೆಸರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿಕೊಂಡರು.

"ಅಮ್ಮನ್ನ ಕರೆಸಿ. ಬೈಬೇಡಿ, ಆದ್ರೆ ಬಿಗಿಯಾಗಿ ಹೇಳಿ. ಗ್ರಾಫ್ ಹಾಳಾಗೋದು ಆಮೇಲಿನ ಮಾತು. ಮಗು ವಯಸ್ಸು ಓಡ್ತಾ ಇದೆ."

ಸರಿಯೇ. ಮಿದುಳು ಸದ್ದನ್ನು ಕಲಿಯುವ ಕಾಲ ಒಂದಿರುತ್ತದೆ. ಅದು ಯಾರಿಗಾಗಿಯೂ ಕಾಯುವುದಿಲ್ಲ.

ಜೂನ್ 11, ಮಂಗಳವಾರ

ಬಂದರು. ಪಿಳಿಪಿಳಿಯ ಅಮ್ಮ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದಳು. ಕೈಬೆರಳ ತುದಿಗಳು ನೀರಲ್ಲಿ ನೆಂದು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಮಧ್ಯಾಹ್ನ ಮೆಷಿನ್ ಆಫ್ ಆಗ್ತಿದೆಯಲ್ಲಮ್ಮ?"

"ಬ್ಯಾಟರಿ ಮೇಡಂ."

"ದಿನಾ ಅದೇ ಹೊತ್ತಿಗಾ?"

ಹೊರಗೆ ಟ್ರಾಲಿ ಹೋಯಿತು — ಪಿಳಿಪಿಳಿ ಬಾಗಿಲ ಕಡೆ ತಿರುಗಿದಳು. ಫೋನ್ ಬಡಿದುಕೊಂಡಿತು — ಮೇಜಿನ ಕಡೆ. ನಾನು ಖುಷಿಯಿಂದ ಗಮನಿಸುತ್ತಿದ್ದೆ. ಆಕೆಯೂ ಗಮನಿಸುತ್ತಿದ್ದಳು. ಖುಷಿಯಿಂದಲ್ಲ.

"ನಾನೇ ತೆಗೀತೀನಿ ಮೇಡಂ." ತಡೆದು ಹೇಳಿದಳು. "ಮೊದ್ಲು ಇವಳು ಇಡೀ ದಿನ ನನ್ನ ಮುಖಾನೇ ನೋಡ್ತಿದ್ಲು. ಎಲ್ಲಾ ಮಾತೂ ಕೈಯಲ್ಲೇ. ಈಗ ನೋಡಿ, ಫ್ಯಾನ್ ತಿರುಗಿದ್ರೆ ಆ ಕಡೆ, ಸ್ಕೂಟರ್ ಹೋದ್ರೆ ಈ ಕಡೆ. ಕೈ ಆಡಿಸ್ಬೇಡಿ, ಬಾಯಲ್ಲೇ ಹೇಳಿ ಅಂದ್ರಿ. ಕೈ ಕಟ್ಕೊಂಡೆ. ನಾನು ಕರೆದ್ರೂ ಒಂದೇ, ಸ್ಕೂಟರ್ ಕರೆದ್ರೂ ಒಂದೇ ಆಗೋಯ್ತು ಇವಳಿಗೆ. ಕೆಲಸದಿಂದ ಬಂದ ಮೇಲೆ ಸ್ವಲ್ಪ ಹೊತ್ತು... ನನ್ ಮಗು ನಂಗೆ ಬೇಕು ಅನ್ಸುತ್ತೆ."

ಬಿಗಿಯಾಗಿ ಹೇಳಬೇಕಿತ್ತು. ಮುಂದಿನ ವಾರ ಬನ್ನಿ ಎಂದೆ. ಅಷ್ಟೇ.

ಅದೇ ದಿನ, ಸಂಜೆ

ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಅವನೂ ಹುಟ್ಟು ಕಿವುಡ. ಆ ಕಾಲಕ್ಕೆ ಮೆಷಿನ್ ಇರಲಿಲ್ಲ. ದೂರದ ಊರಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದಾನೆ.

ನಮ್ಮ ಮನೆಯ ಕೈಭಾಷೆ ಯಾವ ಪುಸ್ತಕದಲ್ಲೂ ಇಲ್ಲ. ಅಮ್ಮ, ಅಣ್ಣ, ನಾನು — ಮೂವರೇ ಸೇರಿ ಮಾಡಿಕೊಂಡದ್ದು. ಕಿವಿ ಹಿಂಡಿಕೊಂಡರೆ ಅಮ್ಮನಿಗೆ ಸಿಟ್ಟು ಬಂದಿದೆ. ಮೂಗು ಉಜ್ಜಿದರೆ ಗಣಿತದ ಮೇಷ್ಟ್ರು. ಅಮ್ಮ ಹೋದ ಮೇಲೆ ಆ ಭಾಷೆ ಬಲ್ಲವರು ಜಗತ್ತಿನಲ್ಲಿ ಇಬ್ಬರು.

ನೀನು ತುಂಬ ನೆನಪಾಗುತ್ತೀ ಎಂದು ಹೇಳಲು ಕೈ ಎತ್ತಿದೆ. ಬೆರಳು ಹಾಗೇ ನಿಂತವು. ಮರೆತುಹೋಯಿತೇನೋ ಎಂದುಕೊಂಡೆ. ಆಮೇಲೆ ಹೊಳೆಯಿತು — ನಮ್ಮ ಭಾಷೆಯಲ್ಲಿ ಅದಕ್ಕೆ ಸನ್ನೆಯೇ ಇಲ್ಲ. ಒಂದೇ ಕೋಣೆಯಲ್ಲಿ ಬೆಳೆದವರಿಗೆ ಅದು ಯಾಕೆ ಬೇಕಿತ್ತು?

ಏನು, ಏನು ಎಂದು ಅವನು ಕೇಳುತ್ತಿದ್ದ. ಅಷ್ಟರಲ್ಲಿ ಸ್ಕ್ರೀನ್ ನಿಂತುಹೋಯಿತು. ಹುಬ್ಬು ಮೇಲೇರಿಸಿಕೊಂಡೇ ಉಳಿದ.

ಜೂನ್ 12

ಪಿಳಿಪಿಳಿಯ ಒಂದು ಮಧ್ಯಾಹ್ನ ಪೂರ್ತಿ ಕೇಳಿದೆ. ಕಂಪ್ಯೂಟರಿನ ಲೆಕ್ಕದಲ್ಲಿ ಪದಗಳು ಸೊನ್ನೆ. ನನಗೆ ಕೇಳಿಸಿದ್ದು — ಬಟ್ಟೆಯ ಸರಪರ, ಬರಿಗಾಲ ಓಟ, ಪುಟ್ಟ ಅಂಗೈ ದೊಡ್ಡ ಅಂಗೈಗೆ ತಟ್ಟಿದ್ದು, ಮಗುವಿನ ಕೇಕೆ. ಇಬ್ಬರೂ ಪುರುಸೊತ್ತಿಲ್ಲದೆ ಮಾತಾಡುತ್ತಿದ್ದಾರೆ.

ಇನ್ನೊಮ್ಮೆ ಹಾಕಿಕೊಂಡು ಕೇಳಿದೆ. ಸ್ಟಡಿಗೆ ಅದರ ಅಗತ್ಯವಿರಲಿಲ್ಲ.

ಜೂನ್ 18, ಮಂಗಳವಾರ

ಹೇಳಿಬಿಟ್ಟೆ. "ಮೆಷಿನ್ ಮಾತ್ರ ತೆಗೀಬೇಡಿ. ಅದು ಅವಳಿಗೆ ಬೇಕೇಬೇಕು. ಆದ್ರೆ ಕೈ ಬಿಡಬೇಡಿ. ಕೈಯಲ್ಲೂ ಹೇಳಿ, ಬಾಯಲ್ಲೂ ಹೇಳಿ, ಎರಡೂ ಜೊತೆಗೇ."

"ತಪ್ಪಲ್ವಾ ಮೇಡಂ?"

"ನಾನಿದ್ದೀನಲ್ಲ."

ನಾನಿದ್ದೀನಿ ಎಂದದ್ದೇನೋ ಸರಿ. ಪ್ರೊಫೆಸರಿಗೂ ಹೋಗಿ ಹೇಳಬೇಕಿತ್ತಲ್ಲ, ಹೇಳಿದೆ. ಸ್ಟಡಿಯಲ್ಲಿ ಇರುವವರೆಗೆ ಸನ್ನೆ ಮಾಡಕೂಡದು, ಮಾತು ಮಾತ್ರ — ಇದು ನಾವಿಬ್ಬರೂ ಕೂತು ಬರೆದ ನಿಯಮ.

"ಇದು ಡಾಕ್ಟರ್ ಹೇಳಿದ್ದೋ, ತಂಗಿ ಹೇಳಿದ್ದೋ?" ಅಣ್ಣನ ವಿಷಯ ಅವರಿಗೆ ಗೊತ್ತು.

"ಇಬ್ರೂ ಸರ್."

"ಸನ್ನೆ ಸುಲಭ ಅಂತ ಮಗು ಮಾತು ಬಿಟ್ಟುಬಿಟ್ರೆ?"

"ಬಿಡಬಹುದು. ಅಮ್ಮ ಸಿಗದೆ ಮಾತೇ ಬೇಡ ಅನ್ನಲೂಬಹುದು. ಎರಡಕ್ಕೂ ನಮ್ಮಲ್ಲಿ ಡೇಟಾ ಇಲ್ಲ ಸರ್."

"ಹಾಗಾದ್ರೆ ಮಗು ಸ್ಟಡಿಯಿಂದ ಹೊರಗೆ. ಕ್ಲಿನಿಕ್ಕಿಂದ ಅಲ್ಲ. ನೀವೇ ನೋಡ್ಕೊಳ್ಳಿ."

ಇನ್ನೊಂದು ಮಗು ಸಿಗುವವರೆಗೆ ಪೇಪರ್ ಮುಂದಕ್ಕೆ ಹೋಗುವುದಿಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ನಾನು ಹೊರಡುವಾಗ ಬಾಗಿಲು ತೆರೆದು ಹಿಡಿದರು.

ಆಗಸ್ಟ್ 20, ಮಂಗಳವಾರ

ಎರಡು ತಿಂಗಳು ಏನೂ ಬರೆದಿಲ್ಲ. ಬರೆದರೆ ದೃಷ್ಟಿ ತಾಗುತ್ತದೇನೋ ಎಂಬ ಹೆದರಿಕೆ. ನಗು ಬರುತ್ತದೆ, ಆದರೂ.

ಪಿಳಿಪಿಳಿಯ ಮೆಷಿನ್ ಈಗ ಮಧ್ಯಾಹ್ನವೂ ಆನ್. ಇವತ್ತು ಕುರ್ಚಿಯ ಮೇಲೆ ನಿಂತು, ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಬೆರಳನ್ನು ತುಟಿಗೆ ಮುಟ್ಟಿಸಿ ಹೇಳಿದಳು — "ನೀಯು."

ಆಕೆ ಬಾಟಲಿಗೆ ಕೈ ಹಾಕಲೇ ಇಲ್ಲ. ನನ್ನನ್ನು ನೋಡಿದಳು. "ನನ್ನ ಮುಖ ನೋಡ್ಕೊಂಡೇ ಹೇಳಿದ್ಲಲ್ವಾ ಮೇಡಂ?"

"ಮೊದ್ಲು ನೀರು ಕೊಡಮ್ಮ!"

ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ. ಜೊತೆಯ ಮಕ್ಕಳು ಇನ್ನೂ ಎಷ್ಟೋ ಮುಂದಿದ್ದಾರೆ. ಇದನ್ನೇ ಪ್ರೊಫೆಸರಿಗೂ ಹೇಳಿದೆ. "ಹೂಂ. ಆದ್ರೂ ಬರೆದಿಡಿ" ಎಂದರು.

ತಾಯಿ ಮಗಳು ಹೋದ ಮೇಲೆ ಖಾಲಿ ಕುರ್ಚಿ ನೋಡುತ್ತಾ ಕೂತೆ. ಹೊಟ್ಟೆಕಿಚ್ಚು, ಬೇರೇನಲ್ಲ. ಗಲ್ಲ ಹಿಡಿದು ತಿರುಗಿಸಿಕೊಳ್ಳುವವರು ನನಗೂ ಒಬ್ಬರಿದ್ದರು. ಅಣ್ಣನಿಗೆ ಒಂದೇ ಪದದ ಮೆಸೇಜ್ ಹಾಕಿದೆ — ಬಾ.

ಆಗಸ್ಟ್ 24

ಉತ್ತರ ಬಂತು. ಸ್ಕೂಲಿನ ಬೆಂಚು ಮಾಡುವ ಕೆಲಸ ಒಪ್ಪಿಕೊಂಡಿದ್ದಾನಂತೆ. ನೋಡೋಣ, ಎಂದಿದ್ದಾನೆ. ಅಣ್ಣನ "ನೋಡೋಣ" ನನಗೆ ಗೊತ್ತು.

ಸೆಪ್ಟೆಂಬರ್ 8, ಭಾನುವಾರ, ಸಂಜೆ

ಬಂದ! ನಿನ್ನೆ ಬಂದ, ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾನೆ. ಕೂರು ಎಂದರೆ ಕೂರದೆ, ನೆಲಕ್ಕೆ ಉಜ್ಜುತ್ತಿದ್ದ ಬಚ್ಚಲ ಬಾಗಿಲು ಕಳಚಿ ಹರವಿಕೊಂಡಿದ್ದಾನೆ. ತಲೆ ಅರ್ಧ ಬೆಳ್ಳಗಾಗಿದೆ. ನನ್ನ ಕೈ ತಡವರಿಸಿದಾಗೆಲ್ಲ ಕಾಯುತ್ತಾನೆ. ನಿನ್ನೆಗಿಂತ ಇವತ್ತು ವಾಸಿ.

ಊಟದ ಹೊತ್ತಿಗೆ ಹೆಡ್‌ಫೋನ್ ತೋರಿಸಿ ಕೇಳಿದ: ದಿನವಿಡೀ ಏನು ಕೇಳುತ್ತೀ ಇದರಲ್ಲಿ?

ಮನೆಗಳು, ಎಂದೆ.

ನಮ್ಮ ಮನೆ ಹೇಗೆ ಕೇಳಿಸುತ್ತಿತ್ತು?

ಇಷ್ಟು ವರ್ಷದಲ್ಲಿ ಅವನು ಇದನ್ನು ಕೇಳಿರಲಿಲ್ಲ. ಹೇಳುತ್ತಾ ಹೋದೆ. ಅಮ್ಮನ ಚಪ್ಪಲಿ. ತೊಟ್ಟಿಕ್ಕುವ ನಲ್ಲಿ. ಪಕ್ಕದ ಮನೆಯ ರೇಡಿಯೋ. ಒಂದೊಂದಕ್ಕೂ ತಲೆಯಾಡಿಸಿದ. ಆಮೇಲೆ ಎದೆಗೆ ಬೆರಳಿಟ್ಟುಕೊಂಡ: ನಾನು?

ನೀನು ನಕ್ಕರೆ ಬೀದಿಯ ಕೊನೆಗೆ ಕೇಳಿಸುತ್ತಿತ್ತು.

ನಂಬಲಿಲ್ಲ. ನಗು ಮುಖದಲ್ಲಿ ಮಾತ್ರ ಆಗುವಂಥದ್ದು ಎಂದುಕೊಂಡಿದ್ದನಂತೆ. ಹೇಗಿರುತ್ತದೆ ಅದು?

ಹೇಗೆ ಹೇಳುವುದು? ಕೈ ಎತ್ತಿದೆ, ಇಳಿಸಿದೆ. ಬಿಂದಿಗೆ ಮೆಟ್ಟಿಲಲ್ಲಿ ಉರುಳಿದ ಹಾಗೆ ಎಂದು ತೋರಿಸಹೋಗಿ ಸಾರಿನ ಬಟ್ಟಲು ಮಗುಚಿದೆ. ಅವನಿಗೆ ತಡೆಯಲಾಗಲಿಲ್ಲ. ನಕ್ಕುಬಿಟ್ಟ, ಜೋರಾಗಿ, ಗೋಡೆ ಅದುರುವ ಹಾಗೆ. ಎದ್ದು ಅವನ ಅಂಗೈಯನ್ನು ಅವನ ಎದೆಗೇ ಒತ್ತಿ ಹಿಡಿದೆ. ಇದು. ಇದೇ.

ನಗು ನಿಂತ ಮೇಲೂ ಅವನು ಕೈ ತೆಗೆಯಲಿಲ್ಲ.

ನಾಳೆ ಈ ಹೊತ್ತಿಗೆ... ಬೇಡ. ಲೈಟ್ ಹೋಗಿ ಬಂತು, ಹೋಗಿ ಬಂತು. ಕರೆಂಟಲ್ಲ — ಅಣ್ಣ ಸ್ವಿಚ್ಚಿನ ಹತ್ತಿರ ನಿಂತು ಕರೆಯುತ್ತಿದ್ದಾನೆ. ಬಾಗಿಲು ಕೂರಿಸಬೇಕಂತೆ, ಒಂದು ಕಡೆ ನಾನು ಹಿಡಿದು—