ಪಕ್ಕದ ಚಾಪೆಗೆ ಸರಿದ ಅಕ್ಕೋರಿಗೆ

ಗದಗ, ಗಾಳಿಶಕೆ ನೂರಾ ಹನ್ನೊಂದು, ಫೆಬ್ರುವರಿ ಮೂವತ್ತು

ಅಕ್ಕೋರೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ತಿಂಗಳುಗಳನ್ನೆಲ್ಲ ಹಿಡಿದು ಸಮ ಮಾಡಿಟ್ಟಿದ್ದಾರೆ, ಹಾಗಾಗಿ ಫೆಬ್ರುವರಿಗೂ ಮೂವತ್ತು ದಿನ ದಕ್ಕಿದೆ. ಗಾಳಿಶಕೆ ಎಂದರೆ ಕಪ್ಪತಗುಡ್ಡದ ಗಾಳಿಯಂತ್ರಗಳೇ ಊರಿನ ದೀಪ, ನೀರು, ಬಂಡಿ ಎಲ್ಲವನ್ನೂ ನಡೆಸತೊಡಗಿದ ವರ್ಷದಿಂದ ಹಿಡಿದ ಲೆಕ್ಕ. ನಿಮಗೂ ನನಗೂ ನಡುವೆ ಆರೇಳು ತಲೆಮಾರು ಕಳೆದಿರಬೇಕು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುತ್ತೇವೆ, ಅದೊಂದು ಇನ್ನೂ ಬದಲಾಗಿಲ್ಲ. ಉಳಿದ ಮಾತುಗಳಲ್ಲಿ ನಿಮಗೆ ಗುರುತಿಲ್ಲದ ಪದ ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಮಾತಿನೊಳಗಿನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವವಳಲ್ಲ.

ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಅದು ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಎರಡನೆಯದನ್ನು ಯಾರು ಕೈಕಾಲು ಹಿಡಿದರೂ ಕೊಡುವುದಿಲ್ಲ. ಹೆಚ್ಚಿನವರು ತೀರಿಹೋದ ತಾಯಿಗೋ ತಂದೆಗೋ ಬರೆಯುತ್ತಾರೆ. ನಮ್ಮವ್ವ ನಾನು ಮಾತು ಕಲಿಯುವ ಮೊದಲೇ ಹೋದಳು. ವಿಳಾಸ ನೋಡಿದ ಟಪಾಲಿನ ಮುದುಕ ನನ್ನನ್ನೇ ದಿಟ್ಟಿಸಿ, ಅವ್ವಗ ಬರೀಬೇಕಿತ್ತವಾ, ಯಾರೋ ಗುರುತಿಲ್ಲದಾಕಿಗೆ ಯಾಕ ದಂಡ ಮಾಡ್ತಿ, ಎಂದ. ಅವ್ವಗ ಬರೆಯಬೇಕೆಂದೇ ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಅದನ್ನು ನಿಮಗಾಗಿ ಖರ್ಚು ಮಾಡುತ್ತಿದ್ದೇನೆ ಎಂಬುದು ನೆನಪಿರಲಿ.

ನಾನು ಬೆಟಗೇರಿಯ ಅಂಗಶಾಲೆಯಲ್ಲಿ ಕಲಿಸುತ್ತಿದ್ದವಳು. ನಿಮ್ಮ ಕಾಲದ ಯೋಗದ ಹಾಲ್ ಮತ್ತು ಆಸ್ಪತ್ರೆಯಲ್ಲಿ ಕೈಕಾಲು ಆಡಿಸಲು ಕಲಿಸುವ ಕೋಣೆ, ಎರಡೂ ಸೇರಿ ಒಂದಾದರೆ ಅಂಗಶಾಲೆ. ಓಣಿಗೊಂದು ಇದೆ. ಬೆಳಗಾದರೆ ಸೊಂಟ ಹಿಡಿದವರು, ಮೊಣಕಾಲು ಸವೆದವರು, ನಿದ್ದೆ ಬಾರದವರು ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಬರೆದ ಚೌಕಗಳಲ್ಲಿ ನಿಲ್ಲುತ್ತಾರೆ. ಎದುರಿಗೆ ಬೆಳಕಿನಿಂದ ಮಾಡಿದ ಒಂದು ಗೊಂಬೆ ನಿಂತು ಆಸನ ತೋರಿಸುತ್ತದೆ. ಉಸಿರನ್ನು ಗಮನಿಸಿ, ನಿಮ್ಮ ದೇಹ ಹೇಳುವುದನ್ನು ಕೇಳಿಸಿಕೊಳ್ಳಿ, ಎಂದು ಬೆಣ್ಣೆ ಸವರಿದ ದನಿಯಲ್ಲಿ ಹೇಳುತ್ತದೆ. ಒಂದು ದಿನವೂ ನೆಗಡಿ ಬಾರದ, ಒಂದು ಕೊಡ ನೀರು ಎತ್ತದ, ಮಗ್ಗುಲು ಬದಲಿಸಲಾಗದೆ ರಾತ್ರಿ ನರಳದ ಆ ಗೊಂಬೆ, ಮುಪ್ಪಾದ ಮಂದಿಗೆ ದೇಹದ ವಿಚಾರ ಹೇಳುತ್ತದೆ. ಶಿಕ್ಷಕರಾದ ನಾವು ಮೂಲೆಯ ಸ್ಟೂಲಿನ ಮೇಲೆ ಕೂತಿರಬೇಕು. ನಮ್ಮ ಅಂಗಿಗೆ ಮುಂದುಗಡೆ ಎರಡು ದೊಡ್ಡ ಜೇಬು, ತರಗತಿ ಮುಗಿಯುವವರೆಗೆ ಕೈ ಅದರೊಳಗೇ ಇರಬೇಕು. ಕಲಿಯುವವರಿಂದ ಶಿಕ್ಷಕರು ಮೂರು ಮೊಳ ದೂರ ಇರಬೇಕೆಂಬುದು ಕಾನೂನು, ಅದರ ಹೆಸರು ಮೊಳಕಟ್ಟು. ಚೌಕದ ಹತ್ತಿರ ಹೋದರೆ ನೆಲ ಕೆಂಪಾಗಿ ಗಂಟೆ ಬಾರಿಸುತ್ತದೆ. ಯಾರಾದರೂ ಆಯತಪ್ಪಿ ಬಿದ್ದರೂ ನಾವು ಜೇಬಿನಲ್ಲಿ ಕೈಯಿಟ್ಟುಕೊಂಡು ಕೂಗಿ ಹೇಳಬೇಕು. ಇದಕ್ಕೆ ನಮ್ಮವರು ಗೌರವ ಎನ್ನುತ್ತಾರೆ. ಥೂ.

ಅಂಬುಬಾಯಿ ಬಾಕಳೆ ಎಂಬಾಕೆ ನನ್ನ ಶಾಲೆಗೆ ಬಂದರು. ಬೆಟಗೇರಿಯಲ್ಲಿ ಸೀರೆ ನೇಯುವ ಮನೆಯವರು, ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಬೆರಳುಗಳು ನಿಧಾನಕ್ಕೆ ಬಂದವು, ಹೆಗಲು ಮಾತ್ರ ಅಂಟಿಕೊಂಡು ಕೂತುಬಿಟ್ಟಿತ್ತು. ಆಕೆಗೆ ದೊಡ್ಡ ಆಸೆಯೇನೂ ಇರಲಿಲ್ಲ. ತನ್ನ ತುರುಬು ತಾನೇ ಕಟ್ಟಿಕೊಳ್ಳಬೇಕು, ಅಷ್ಟೇ. ಸೊಸೆ ಬಾಚಿದರೆ ಕೂದಲು ಕಿತ್ತು ಬರುವ ಹಾಗೆ ಬಾಚುತ್ತಾಳೆ ಎಂದು ದಿನಾ ಹೇಳಿಕೊಳ್ಳುತ್ತಿದ್ದರು. ಗೊಂಬೆ ಕೈಯನ್ನು ಸೊಗಸಾಗಿ ಆಕಾಶಕ್ಕೆ ಎತ್ತುತ್ತಿತ್ತು. ಅಂಬುಬಾಯಿ ಅದನ್ನೇ ನೋಡುತ್ತ, ಅದಕ್ಕ ಹೆಗಲ ಐತೇನವಾ, ನಂಗೈತಿ, ಎನ್ನುತ್ತಿದ್ದರು. ಅವರ ಕೈ ಎಲ್ಲಿ ಅಂಜಿ ನಿಲ್ಲುತ್ತದೆ ಎಂದು ನನಗೆ ಮೂಲೆಯಿಂದಲೇ ಕಾಣುತ್ತಿತ್ತು. ಹೆಗಲನ್ನು ಕಿವಿಯತ್ತ ಬಿಗಿದು, ಉಸಿರು ಕಟ್ಟಿ, ಅಲ್ಲೇ ಸೋಲುತ್ತಿದ್ದರು. ಮೊಣಕೈಗೆ ಕೆಳಗಿಂದ ಒಂದು ಆಸರೆ ಸಿಕ್ಕಿದ್ದರೆ ಆ ಅಂಜಿಕೆ ಬಿಡುತ್ತಿತ್ತು. ಬಾಯಿಂದ ಎಷ್ಟು ಹೇಳಿದರೂ ಅದು ತಲುಪುವ ಸಂಗತಿಯಲ್ಲ. ಕೊನೆಗೆ ಒಂದು ದಿನ ಆಕೆ ಇಡೀ ಶಾಲೆಗೆ ಕೇಳುವ ಹಾಗೆ, ನೀ ಬಂದು ಹಿಡಿಯವಾ, ನಾ ಹೇಳಾಕತ್ತೀನಿ, ಹಿಡಿ, ಎಂದರು. ನಾನು ಜೇಬಿನಿಂದ ಕೈ ತೆಗೆದು ಹೋದೆ. ನೆಲ ಕೆಂಪಾಯಿತು, ಗಂಟೆ ಹೊಡೆದುಕೊಂಡಿತು. ಮೊಣಕೈ ಕೆಳಗೆ ಅಂಗೈಯಿಟ್ಟು, ಎತ್ತದೆ, ಅವರ ಭಾರ ಅಲ್ಲಿಗೆ ಬರುವವರೆಗೆ ಕಾದೆ. ಉಸಿರು ಹೊರಗೆ ಹೋದಾಗ ಕೈ ತಾನಾಗಿ ಮೇಲೆ ಬಂತು, ಕಿವಿ ದಾಟಿತು, ಬೆರಳುಗಳು ಹೋಗಿ ತುರುಬನ್ನು ಮುಟ್ಟಿದವು. ಆಕೆ ನಕ್ಕರು, ಆಮೇಲೆ ಗಳಗಳನೆ ಅತ್ತರು.

ವಿಚಾರಣೆಗೆ ಮೂವರು ಕೂತಿದ್ದರು. ನಾನೇ ಹಿಡಿ ಅಂದೀನಿ, ನನ್ನ ಕೈ, ನನ್ನ ಮಾತು, ಎಂದು ಅಂಬುಬಾಯಿ ಹೇಳಿದರು. ನಡುವೆ ಕೂತಿದ್ದ ಹಿರಿಯಳು ಬಹಳ ವಿನಯದಿಂದ, ಅಮ್ಮಾ, ಕಲಿಯುವವರ ಒಪ್ಪಿಗೆಯನ್ನು ಈ ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಂದಳು. ಹಿಂದೆ ನಿಮ್ಮ ಕಾಲದ ಕೊನೆಯಲ್ಲಿ ಒಂದು ದೊಡ್ಡ ತನಿಖೆ ನಡೆದಿತ್ತಂತೆ. ಕೈ ಹೊಲಸು ಮಾಡಿಕೊಂಡ ಯೋಗದ ಗುರುಗಳೂ ಅವರ ಪಕ್ಕದಲ್ಲಿ ನಿಂತಿದ್ದವರೂ ಒಂದೇ ಮಾತು ಹೇಳಿದ್ದರಂತೆ: ಅವಳು ಒಪ್ಪಿದ್ದಳು, ಬೇಡ ಅನ್ನಲಿಲ್ಲವಲ್ಲ. ಅಷ್ಟು ಜನರ ಬಾಯಲ್ಲಿ ಸುಳ್ಳಾದ ಮೇಲೆ ಒಪ್ಪಿಗೆ ಎಂಬ ಮಾತನ್ನೇ ಕಾನೂನಿನಿಂದ ತೆಗೆದುಹಾಕಿದರು. ಹಾಗಾಗಿ ಅಂಬುಬಾಯಿ ಹೂಂ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ನನ್ನ ಪರವಾನಗಿ ಹೋಯಿತು. ಆಕೆಯನ್ನು ಮತ್ತೆ ಗೊಂಬೆಯ ಮುಂದೆ ನಿಲ್ಲಿಸಿದರು. ಮೊನ್ನೆ ಅವರ ಮನೆಗೆ ಹೋಗಿದ್ದೆ. ಹೆಗಲು ಮೊದಲಿಗಿಂತ ಬಿಗಿಯಾಗಿದೆ, ಕೈ ಪಕ್ಕೆಗೆ ಅಂಟಿಬಿಟ್ಟಿದೆ. ಬಾಚಿ ಬಾಚಿ ಬೇಸತ್ತ ಸೊಸೆ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಬಿಟ್ಟಿದ್ದಾಳೆ. ಅಂಬುಬಾಯಿ ಸೆರಗನ್ನು ತಲೆಯ ಮೇಲಿಂದ ಸರಿಸಲೇ ಇಲ್ಲ.

ನಿಮ್ಮ ಪರಿಚಯ ನನಗೆ ಹೇಗೆ ಎಂದು ಕೇಳುತ್ತೀರಿ. ಶಿಕ್ಷಕರಾಗಲು ಸೇರಿದ ಮೊದಲ ದಿನ ನಮಗೆಲ್ಲ ಹೇಸಿಗೆಪಾಠ ಎಂಬುದೊಂದಿದೆ. ನಿಮ್ಮ ಕಾಲದ ಒಂದು ತರಗತಿಯ ವಿಡಿಯೋ ತೋರಿಸುತ್ತಾರೆ, ಮಾರಾಟಕ್ಕೆಂದು ನಿಮ್ಮ ಯೋಗದ ಹಾಲಿನವರೇ ತೆಗೆಸಿಕೊಂಡದ್ದು. ಹೊಳೆಯುವ ಮರದ ನೆಲ, ಮೂಲೆಯಲ್ಲಿ ಚೆಂಡುಹೂವು, ಬಿಳಿ ಪಂಚೆಯ ಗುರು. ಎಲ್ಲರನ್ನೂ ಮಂಡಿಯೂರಿಸಿ, ಹಣೆ ನೆಲಕ್ಕೆ ಹಚ್ಚಿಸಿ, ಕಣ್ಣು ಮುಚ್ಚಿಸಿ, ನಾನು ಮುಟ್ಟಿ ತಿದ್ದುವುದು ಬೇಡ ಎನ್ನುವವರು ಕೈ ಎತ್ತಿ, ಎನ್ನುತ್ತಾನೆ. ನಿಮ್ಮ ಕಾಲದಲ್ಲಿ ಒಪ್ಪಿಗೆ ಕೇಳುವ ಪದ್ಧತಿ ಅದೇ ಆಗಿತ್ತಂತೆ. ಬೇಕು ಎನ್ನುವವರು ಯಾರು ಎಂದು ಕೇಳಬೇಕಾದಲ್ಲಿ, ಬೇಡ ಎನ್ನುವ ಧೈರ್ಯ ಯಾರಿಗಿದೆ ಎಂದು ಕೇಳುವುದು. ದಾಕ್ಷಿಣ್ಯವೇ ಮೈಯಾದ ಜನರ ಮುಂದೆ ಇಂಥ ಪ್ರಶ್ನೆ ಕೇಳಿದವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಉಳ್ಳಾಗಡ್ಡಿ ಬಣ್ಣದ ಅಂಗಿಯ ಹುಡುಗಿಯೊಬ್ಬಳ ಕೈ ನೆಲದಿಂದ ತುಸು ಎದ್ದಿತು, ಮತ್ತೆ ಮಲಗಿತು. ಅವನು ನೇರ ಅವಳ ಬಳಿಗೇ ಹೋಗಿ ಸೊಂಟದ ಕೆಳಗೆ ಕೈಯಿಟ್ಟ. ತೆಗೆಯಬೇಕಾದ ಹೊತ್ತಿಗೆ ತೆಗೆಯಲಿಲ್ಲ.

ಅವನ ಬಗ್ಗೆ ನನಗೆ ಬರೆಯಲು ಏನೂ ಇಲ್ಲ, ಹೊಲಸು ಹೊಲಸೇ. ನಾನು ನೋಡಿದ್ದು ಅವನ ಕೈಕೆಳಗೆ ಕಲಿಸುತ್ತಿದ್ದ ನಿಮ್ಮನ್ನು. ಪಕ್ಕದಲ್ಲೇ ಒಬ್ಬ ಮುದುಕರ ಮೊಣಕೈ ಕೆಳಗೆ ಅಂಗೈಯಿಟ್ಟು ಕಾಯುತ್ತಿದ್ದಿರಿ, ಎತ್ತದೆ, ಎಳೆಯದೆ. ಅಷ್ಟು ಚೆಂದದ ಕೈಯನ್ನು ನಾನು ಎಲ್ಲೂ ನೋಡಿಲ್ಲ. ಹೇಸಿಗೆ ಪಡಲಿ ಎಂದು ತೋರಿಸಿದ ವಿಡಿಯೋದಲ್ಲಿ ನಾನು ಕಸುಬು ಕಲಿತೆ, ಅಂಬುಬಾಯಿಯ ಕೈಯನ್ನು ಮೇಲೆ ತಂದದ್ದು ನಿಮ್ಮ ಅಂಗೈ. ಅದೇ ನೀವು ಆ ಹುಡುಗಿಯ ಬೆರಳು ಎದ್ದದ್ದನ್ನೂ ನೋಡಿದಿರಿ, ಅವನ ಕೈಯನ್ನೂ ನೋಡಿದಿರಿ. ನಿಮ್ಮ ಮುಖ ಸಪ್ಪಗಾಯಿತು. ಮರುಗಳಿಗೆ ಬೆನ್ನು ತಿರುಗಿಸಿ ಆಚೆ ಚಾಪೆಗೆ ಸರಿದು, ಇನ್ಯಾರದೋ ತಲೆಯಡಿಗೆ ಟವೆಲ್ ಮಡಿಸಿ ಇಟ್ಟಿರಿ. ಆ ಟವೆಲನ್ನೂ ಅಷ್ಟೇ ಮೃದುವಾಗಿ ಇಟ್ಟಿರಿ. ತನಿಖೆಯಲ್ಲಿ ನೀವು ಕೊಟ್ಟ ಹೇಳಿಕೆಯನ್ನೂ ಕೇಳಿಸುತ್ತಾರೆ. ಅವಳು ಕೈ ಎತ್ತಲಿಲ್ಲ, ಎಂದಿದ್ದೀರಿ. ದೇಹ ಹೇಳುವುದನ್ನು ಕೇಳಿಸಿಕೊಳ್ಳಿ ಎಂದು ಊರಿಗೆಲ್ಲ ಪಾಠ ಹೇಳಿದ ಬಾಯಿ ಅದು.

ನಿಮ್ಮ ಮೇಲೆ ನನಗೆ ಹೇಸಿಗೆ. ಒಂದು ಕೈ ಕೆಟ್ಟಿತೆಂದು ಎಲ್ಲರ ಕೈಯನ್ನೂ ಜೇಬಿಗೆ ತುರುಕಿ, ಅದನ್ನೇ ಚಿಕಿತ್ಸೆ ಎನ್ನುವ ನಮ್ಮವರ ಮೇಲೂ ಅಷ್ಟೇ ಹೇಸಿಗೆ. ಆದರೆ ಅವರು ನನ್ನ ಮಾತು ಕೇಳುವವರಲ್ಲ. ಕೇಳಬಹುದಾದವರು ನೀವೊಬ್ಬರೇ, ಏಕೆಂದರೆ ನಿಮಗೆ ಎಲ್ಲ ಕಾಣುತ್ತದೆ. ಹಿಂದಂಚೆಯವರು ಈ ಕಾಗದವನ್ನು ಆ ತರಗತಿಯ ಹಿಂದಿನ ಸಂಜೆ ನಿಮ್ಮ ಮನೆಗೆ ತಲುಪಿಸುತ್ತೇವೆ ಎಂದಿದ್ದಾರೆ. ಅಂದರೆ ನಿಮಗೆ ಅದು ಇನ್ನೂ ನಾಳೆ ಬೆಳಿಗ್ಗೆ.

ನಾಳೆ ಅವನು ಆ ಹುಡುಗಿಯ ಕಡೆ ನಡೆಯುವಾಗ ನಿಮ್ಮ ಕೈಲಿರುವ ಮುದುಕರ ಮೊಣಕೈಯನ್ನು ನೆಲಕ್ಕೆ ಮೆಲ್ಲಗೆ ಇಳಿಸಿ, ಅವರಿಗೇನೂ ಆಗುವುದಿಲ್ಲ. ಎದ್ದು ಹೋಗಿ ಅವನಿಗೂ ಅವಳಿಗೂ ನಡುವೆ ಕೂತುಕೊಳ್ಳಿ. ಕ್ಯಾಮೆರಾ ನಡೆಯುತ್ತಿರಲಿ. ಗುರುಗಳು ಏನೆಂದುಕೊಳ್ಳುತ್ತಾರೋ ಎಂದು ನಿಮ್ಮ ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಅವಳ ಕಿವಿಯ ಹತ್ತಿರ ಬಗ್ಗಿ, ಬೇಕೇನವಾ ಎಂದು ಕೇಳಿ, ಅವಳು ತಾನಾಗಿ ಬಾಯಿಬಿಟ್ಟು ಹೇಳುವವರೆಗೆ ಕಾಯಿರಿ. ಕಾಯುವುದು ನಿಮಗೆ ಬರುತ್ತದೆ.

ದಾಕ್ಷಾಯಣಿ ಸಂಶಿ