ರಸ್ತೆಗೆ ಅಡ್ಡ ಕುಳಿತವರು

ಅಪ್ಪ,

ಇವತ್ತು ತೀರ್ಪು ಬಂತು. ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ? ಪಕ್ಷದ ನಾಯಕರೊಬ್ಬರ ಬಂಧನ ವಿರೋಧಿಸಿ ಬಂದ್ ನಡೆದ ಆ ದಿನ ಬಸ್ಸಿಗೆ ಬೆಂಕಿ ಹಚ್ಚಿದವರಿಗೆ ಜೈಲಾಯಿತು. ರಾಜಗೋಪಾಲನಗರದ ರಸ್ತೆಗೆ ಅಡ್ಡ ಕುಳಿತು ಬರೀ ಘೋಷಣೆ ಕೂಗಿದವರ ಸರದಿ ಬಂದಾಗ ಜಡ್ಜ್ ಸಾಹೇಬರು ನನ್ನನ್ನು ಮುಂದೆ ಕರೆದರು.

“ಇವರು ಯಾರ ಮೇಲೂ ಕೈ ಮಾಡಿಲ್ಲಮ್ಮ. ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಆದ್ರೆ ಇವರು ದಾರಿ ಬಿಡದೆ ನಿಮ್ಮ ತಂದೆ ಆಟೋದಲ್ಲೇ ತೀರಿಕೊಂಡ್ರು. ನೀವೇನು ಹೇಳ್ತೀರಾ?”

ಈ ಪ್ರಶ್ನೆಗಾಗಿ ವರ್ಷಗಟ್ಟಲೆ ಕಾದಿದ್ದೆ. ಒಬ್ಬರನ್ನೂ ಬಿಡಬೇಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೊನೆಯಲ್ಲಿ ನಿಂತಿದ್ದವನ ಕಾಲು ನಡುಗುವುದು ಕಂಡಿತು. ನನ್ನ ಜಾಗದಲ್ಲಿ ನೀನಿದ್ದಿದ್ದರೆ ಮೊದಲು ಅವನನ್ನು ಕೂರಿಸಿ ನೀರು ಕೊಡಿಸುತ್ತಿದ್ದೆ. “ಬಿಟ್ಬಿಡಿ ಸಾರ್” ಅಂದೆ. ನಿನ್ನನ್ನು ಕೇಳದೆಯೇ ಅಂದುಬಿಟ್ಟೆ.

ಹೊರಗೆ ಅವನೇ ಬಂದು ಕೈಮುಗಿದ. ಹೆಸರು ರೇವಣಸಿದ್ದ, ಕೊಪ್ಪಳದ ಕಡೆಯವನು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸವಂತೆ.

“ನಾ ಒಂದು ಕಲ್ಲೂ ಎತ್ತಿಲ್ಲರಿ ಅಕ್ಕಾರ. ಸುಮ್ನ ಎಲ್ಲಾರ ಜೋಡಿ ಕುಂತಿದ್ದೆ.”

“ನಾನು ಆಟೋ ಪಕ್ಕ ನಿಂತು ಅಷ್ಟೊತ್ತು ಕೂಗ್ಕೊಂಡೆನಲ್ಲ, ನಮ್ಮಪ್ಪಂಗೆ ಎದೆನೋವು, ದಾರಿ ಬಿಡಿ ಅಂತ?”

ಅವನು ತಲೆ ತಗ್ಗಿಸಿದ. “ಘೋಷಣಾ ಕೂಗೂ ಗದ್ದಲದಾಗ ಕೇಳಸಲಿಲ್ರಿ. ಕೇಳಿಸಿದ್ರ ನಾನ ಎದ್ದು ದಾರಿ ಮಾಡಿಕೊಡ್ತಿದ್ದೆ.”

ಸುಳ್ಳು ಹೇಳುವ ಮುಖವಲ್ಲ ಅವನದು. ಕೋರ್ಟು ಅವನನ್ನು ಬಿಟ್ಟಿತು, ನಾನೂ ಬಿಟ್ಟೆ. ಬಾಗಲಗುಂಟೆಗೆ ಬಂದು ಮನೆಯ ಬಾಗಿಲು ಹಾಕಿಕೊಂಡ ಮೇಲೆ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ನಾನು ಇನ್ನೂ ಸ್ವಲ್ಪ ಜೋರಾಗಿ ಕೂಗಬೇಕಿತ್ತು, ಅಪ್ಪ.

ನಿನ್ನ ಗೌರಿ